ಕೆನ್ನೆಗಿಟ್ಟ ಬೆರಳು

ಸಿಟ್ಟು ಆರುವ ಮೊದಲೇ ಇದನ್ನು ಬರೆದಿಡಬೇಕು. ಆರಿದ ಮೇಲೆ ಬರೆದರೆ ಪ್ರತಿಯೊಬ್ಬರ ಪರವಾಗಿಯೂ ನಾನೇ ಒಂದೊಂದು ಸಮಜಾಯಿಷಿ ಕೊಟ್ಟುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು. ಮಗಳು ಮಲಗಿದ್ದಾಳೆ. ಅವಳ ಬಟ್ಟೆ ಒಣಗಿವೆ, ಮಡಿಸಬೇಕು. ಮಡಿಸುವುದು ಆಮೇಲೆ.

ಇದು ನನ್ನ ಓರಗಿತ್ತಿಯ ವಿಷಯ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಯ ವಿಷಯ. ನಾನು ಅಕ್ಕ ಎನ್ನುತ್ತೇನೆ. ಮಗಳು ಮಾತು ಕಲಿತರೆ ದೊಡ್ಡಮ್ಮ ಎನ್ನಬೇಕು. ಅವಳು ಕೆಲಸ ಮಾಡುವ ಅಂಗಡಿಯಲ್ಲಿ ಅವಳನ್ನು ಹಿಂದಿನಿಂದ ಗಂಟುಮುಖ ಎನ್ನುತ್ತಾರೆ, ಅದು ಅವಳಿಗೂ ಗೊತ್ತು.

ಅಕ್ಕನ ಮುಖವೇ ಹಾಗೆ. ಹುಬ್ಬುಗಳ ನಡುವೆ ಎರಡು ಗೆರೆ, ತುಟಿಯ ಅಂಚು ಕೆಳಗೆ. ಒಳಗೆ ಏನೂ ಇಲ್ಲದಿದ್ದಾಗಲೂ ನೋಡಿದವರಿಗೆ ಯಾರನ್ನೋ ಬೈಯಲು ಮಾತು ಹುಡುಕುತ್ತಿರುವಂತೆ ಕಾಣುತ್ತಾಳೆ. ನಮ್ಮ ಮದುವೆಯ ಫೋಟೋದಲ್ಲಿ ಎಲ್ಲರೂ ಹಲ್ಲು ಕಿರಿದು ನಿಂತಿದ್ದರೆ ಇವಳೊಬ್ಬಳು ಸಾಕ್ಷಿ ಹೇಳಲು ಬಂದವಳ ಹಾಗೆ ನಿಂತಿದ್ದಾಳೆ. ಹೊಸದರಲ್ಲಿ ನಾನು ಹೆದರಿಕೊಂಡು, ನಿಮ್ಮ ಅತ್ತಿಗೆಗೆ ನನ್ನ ಮೇಲೆ ಏನೋ ಕೋಪ ಎಂದು ಗಂಡನ ಹತ್ತಿರ ಹೇಳಿದ್ದೆ. ಅವರು ನಕ್ಕು, ಕೋಪ ಬಂದಾಗ ತಾನಾಗೇ ಗೊತ್ತಾಗುತ್ತೆ, ಆಗ ಅತ್ತಿಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಾರೆ ಎಂದಿದ್ದರು.

ಹೆರಿಗೆಯ ದಿನದವರೆಗೂ ನಾನು ಅವಳನ್ನು ನೀವು ಎನ್ನುತ್ತಿದ್ದೆ. ಅವತ್ತು ನೋವಿನಲ್ಲಿ ಅವಳ ಮಣಿಕಟ್ಟು ಹಿಡಿದು, ಅಕ್ಕಾ ನೀನು ಎಲ್ಲಿಗೂ ಹೋಗಬೇಡ ಎಂದು ಕಿರುಚಿದೆನಂತೆ. ಅವಳು ಹೋಗಲಿಲ್ಲ. ಸಮಾಧಾನದ ಮಾತು ಒಂದೂ ಆಡಲಿಲ್ಲ, ಮುಖದ ಗಂಟೂ ಸಡಿಲಿಸಲಿಲ್ಲ. ಪ್ರತಿ ಸಲ ನೋವು ಬರುವುದಕ್ಕೆ ಒಂದು ಗಳಿಗೆ ಮುಂಚೆಯೇ ಅವಳ ಕೈ ಬಿಗಿಯಾಗುತ್ತಿತ್ತು. ನನ್ನ ಹೊಟ್ಟೆಯೊಳಗಿನದು ಅವಳಿಗೆ ಹೇಗೆ ತಿಳಿಯುತ್ತಿತ್ತೋ. ಅವತ್ತಿನಿಂದ ಅವಳು ನೀನು ಆದಳು.

ಅವಳು ಕೆಲಸ ಮಾಡುವುದು ಮುಖ್ಯರಸ್ತೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ, ಮೊದಲ ಮಹಡಿಯ ಮಕ್ಕಳ ವಿಭಾಗದಲ್ಲಿ. ಗಾಜಿನ ಮೇಜು, ಅದರ ಹಿಂದೆ ಸೂರಿನವರೆಗೂ ಕಪಾಟು, ಒಂದು ಮೂಲೆಯಲ್ಲಿ ಪರದೆ ಬಿಟ್ಟ ಟ್ರಯಲ್ ರೂಮು. ಕೂರಲು ಸ್ಟೂಲಿಲ್ಲ, ಏಕೆಂದರೆ ಕೂರುವಂತಿಲ್ಲ. ಸಂಜೆ ಮನೆಗೆ ಬಂದು ಅವಳು ಮೊದಲು ಮಾಡುವ ಕೆಲಸ ಗೋಡೆಗೆ ಕಾಲೆತ್ತಿ ಮಲಗುವುದು. ನನ್ನ ಮಗಳು ತೆವಳಿಕೊಂಡು ಹೋಗಿ ಆ ಊದಿದ ಪಾದಗಳನ್ನು ಹಿಡಿದು ನಿಲ್ಲಲು ನೋಡುತ್ತಾಳೆ.

ಬಸುರಿಯಿದ್ದಾಗ ಬಟ್ಟೆ ಕೊಳ್ಳುವ ನೆಪದಲ್ಲಿ ನಾನು ಅಲ್ಲಿಗೆ ಹೋಗಿ ಅವಳ ಕೆಲಸ ನೋಡಿದ್ದೇನೆ. ಗಿರಾಕಿಗಳು ಬಟ್ಟೆಯ ಕುತ್ತಿಗೆಯ ಹತ್ತಿರ ಬೆಲೆಯ ಚೀಟಿ ಹುಡುಕತೊಡಗಿದ ಕೂಡಲೇ ಅವಳು ಕಪಾಟಿನ ಕಡೆ ತಿರುಗಿ, ಮಡಿಸಿಟ್ಟದ್ದನ್ನೇ ಮತ್ತೆ ಮಡಿಸುತ್ತಾಳೆ. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, ಬೆಲೆ ನೋಡುವಾಗ ಮನುಷ್ಯರ ಮುಖ ನೋಡಬಾರದು ಕಣೇ, ಅದೊಂದು ಕ್ಷಣ ಅವರಿಗೆ ಬಿಟ್ಟುಕೊಡಬೇಕು ಎಂದಿದ್ದಳು. ಆಮೇಲೆ ಅವಳ ಅಂಗೈ. ಮೂರು ನಾಲ್ಕು ಅಂಗಿ ಬಿಚ್ಚಿ ಹರವಿ, ಯಾವುದರ ಬಗ್ಗೆಯೂ ಹೊಗಳಿ ಒಂದು ಮಾತಾಡದೆ, ಒಂದರ ಮೇಲೆ ಮಾತ್ರ ಅಂಗೈ ಊರಿ ನಿಲ್ಲುತ್ತಾಳೆ. ಒಗೆದರೆ ಬಣ್ಣ ಬಿಡದ್ದು, ಮಗುವಿನ ಮೈ ಕೆರೆಯದ್ದು ಅದೇ. ಪಕ್ಕದ ಅಂಗಿ ಮಾರಿಹೋಗಬೇಕೆಂದು ಅಂಗಡಿಯ ಯಜಮಾನರಿಗೆ ಎಷ್ಟೇ ಆಸೆಯಿರಲಿ, ಅವಳ ಕೈ ಅಲ್ಲಿಗೆ ಹೋಗುವುದಿಲ್ಲ. ಗೊತ್ತಿದ್ದ ತಾಯಂದಿರು ಅಂಗಿ ನೋಡುವುದನ್ನೇ ಬಿಟ್ಟು ಕೈ ನೋಡುತ್ತಿದ್ದರು. ಅವಳಿಲ್ಲದ ದಿನ, ಆ ಸಿಡುಕು ಮುಖದವರು ಎಲ್ಲಿ, ನಾಳೆ ಬರ್ತೀವಿ ಬಿಡಿ ಎಂದು ವಾಪಸು ಹೋಗುತ್ತಿದ್ದರಂತೆ.

ಹೀಗಿದ್ದಾಗ ಯಜಮಾನರಿಗೆ ಯಾರೋ ತಲೆಯಲ್ಲಿ ಹುಳ ಬಿಟ್ಟರು. ಪೇಟೆಯಲ್ಲಿ ಇನ್ನೊಂದು ದೊಡ್ಡ ಅಂಗಡಿ ತೆರೆದಿತ್ತು, ಅಲ್ಲಿನವರು ಬಾಗಿಲಲ್ಲೇ ನಗುತ್ತಾರಂತೆ. ಇವರೂ ತರಬೇತಿ ಕೊಡುವ ಒಬ್ಬ ಮೇಡಮ್ಮನ್ನು ಕರೆಸಿ, ಕೆಲಸದವರನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದರು. ಗಿರಾಕಿ ಕಣ್ಣಿಗೆ ಬಿದ್ದ ಕೂಡಲೇ ನಗು ಶುರುವಾಗಬೇಕು, ಮರೆಯಾದ ಮೇಲೆ ಮುಗಿಯಬೇಕು. ಮೇಲಿನ ಸಾಲಿನ ಹಲ್ಲು ಕಾಣಬೇಕು, ಒಸಡು ಕಾಣಬಾರದು. ಕಣ್ಣು ತಪ್ಪಿಸಬಾರದು, ಯಾವ ಕಾರಣಕ್ಕೂ ಬೆನ್ನು ತೋರಿಸಬಾರದು. ಮಹಡಿ ಹತ್ತಿದಲ್ಲೇ ಆಳೆತ್ತರದ ಕನ್ನಡಿ ಬಂತು, ಬೆಳಿಗ್ಗೆ ಬಂದವರು ನಗು ಸರಿಮಾಡಿಕೊಂಡು ಒಳಗೆ ಹೋಗಲಿ ಎಂದು. ಅಕ್ಕನ ಸರದಿ ಬಂದಾಗ ಆ ಮೇಡಂ ತುಂಬಾ ಹೊತ್ತು ನೋಡಿ, ನಿಮಗೆ ಎಲ್ಲಾದರೂ ನೋವಿದೆಯಾ ಎಂದು ಕೇಳಿದರಂತೆ. ಅದನ್ನು ಅವಳು ಮನೆಯಲ್ಲಿ ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಕಣ್ಣೊರೆಸಿಕೊಂಡು, ಇವಳು ನಕ್ಕರೆ ಮುತ್ತು ಉದುರುತ್ತೆ ಅಂತ ಬಿಗಿಹಿಡಿದುಕೊಂಡಿದಾಳೆ, ಉದುರಿದರೆ ಮನೆಗೇ ತಗೊಂಬಾರೇ ಎಂದರು.

ನಗು ನೋಡಿಕೊಳ್ಳುವ ಹೊಣೆ ಫ್ಲೋರ್ ಮ್ಯಾನೇಜರಿಗೆ ಬಿತ್ತು. ಗಿರಾಕಿಗಳ ಎದುರಿಗೆ ನಗಿ ನಗಿ ಎಂದು ಕೂಗುವಂತಿಲ್ಲವಲ್ಲ, ಅದಕ್ಕೆ ಒಂದು ಸನ್ನೆ ಕಂಡುಹಿಡಿದ. ದೂರದಲ್ಲಿ ನಿಂತು ಯಾರ ಮುಖ ಬಾಡಿದೆಯೋ ಅವರ ಕಣ್ಣು ಹಿಡಿದು, ತೋರುಬೆರಳನ್ನು ತನ್ನ ಕೆನ್ನೆಗೆ ಇಟ್ಟುಕೊಳ್ಳುವುದು. ಬೆರಳು ಇಳಿಯುವುದರೊಳಗೆ ನಗು ಹತ್ತಬೇಕು. ದಿನಕ್ಕೆ ಎಷ್ಟು ಸಲವೋ, ಕೆನ್ನೆಯಲ್ಲಿ ಗುಳಿ ಬಿದ್ದಿರಬೇಕು ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅವನಿಗೆ ಕೆನ್ನೆಸಾಹೇಬ ಎಂಬ ಹೆಸರಾಯಿತು. ಅರ್ಧಕ್ಕಿಂತ ಹೆಚ್ಚು ಸಲ ಆ ಬೆರಳು ಎದ್ದದ್ದು ನಮ್ಮ ಅಕ್ಕನಿಗೆ.

ಮನೆಯಲ್ಲಿ ಅದೂ ಒಂದು ಆಟವಾಯಿತು. ಅಕ್ಕ ಮಗಳ ಎದುರು ಕೂತು ಕೆನ್ನೆಸಾಹೇಬನ ಹಾಗೆ ಕತ್ತು ಉದ್ದ ಮಾಡಿ ಬೆರಳಿಟ್ಟರೆ ಅದು ಕಿಲಕಿಲ ನಗುತ್ತಿತ್ತು. ಬರಬರುತ್ತಾ ಯಾರೇ ಕೆನ್ನೆಗೆ ಬೆರಳಿಟ್ಟರೂ, ಅಳುತ್ತಿದ್ದರೂ ನಿಲ್ಲಿಸಿ, ಇದ್ದ ಎರಡು ಹಲ್ಲು ತೋರಿಸತೊಡಗಿತು. ಮನೆಗೆ ಬಂದವರಿಗೆಲ್ಲ ಅತ್ತೆ ಮಾಡಿ ತೋರಿಸುತ್ತಿದ್ದರು. ನೋಡಿ ನಮ್ಮ ಮೊಮ್ಮಗಳು ಈಗಲೇ ಅಂಗಡಿ ಕೆಲಸಕ್ಕೆ ತಯಾರು ಎಂದು. ನಾನೂ ತೋರಿಸಿದ್ದೇನೆ.

ಅವತ್ತು ಮಧ್ಯಾಹ್ನ ಮಕ್ಕಳ ವಿಭಾಗಕ್ಕೆ ಒಬ್ಬ ಮನುಷ್ಯ ಬಂದ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದನಂತೆ. ಬಿಳಿಯದು, ಇರೋದ್ರಲ್ಲೇ ಚಿಕ್ಕದು ಎಂದಷ್ಟೇ ಹೇಳಿದ. ಅಕ್ಕ ಅಭ್ಯಾಸಬಲದಿಂದ ಎಷ್ಟು ತಿಂಗಳು ಎಂದು ಕೇಳಿದಳು. ಅವಳು ಕೊಟ್ಟದ್ದನ್ನು ಅವನು ಹಿಡಿದುಕೊಂಡ ರೀತಿ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು. ಮಗುವಿಗೆ ಬಟ್ಟೆ ಕೊಳ್ಳುವ ಯಾರೇ ಆದರೂ ಅಂಗಿಯನ್ನು ಭುಜದ ಹತ್ತಿರ ಹಿಡಿದು ಎತ್ತಿ ನೋಡುತ್ತಾರೆ. ಉದ್ದ ಸಾಕೇ, ಇನ್ನೆರಡು ತಿಂಗಳು ಬರುತ್ತದೆಯೇ ಎಂದು. ಅವನು ಎತ್ತಲಿಲ್ಲ. ಎರಡೂ ಅಂಗೈ ಜೋಡಿಸಿ ಅದರ ಮೇಲೆ ಅಂಗಿಯನ್ನು ಮಲಗಿಸಿಕೊಂಡು ನೋಡುತ್ತಾ ನಿಂತ. ಬೆಲೆ ನೋಡಲಿಲ್ಲ. ಇನ್ನೆರಡು ತಿಂಗಳಿನ ಯೋಚನೆಯೇ ಅವನಿಗಿರಲಿಲ್ಲ.

ಅಕ್ಕ ಕಪಾಟಿನ ಕಡೆ ತಿರುಗುವುದರಲ್ಲಿದ್ದಳು, ಅವನನ್ನು ಅವನ ಪಾಡಿಗೆ ಬಿಡಲು. ಅಷ್ಟರಲ್ಲಿ ಕನ್ನಡಿಯ ಪಕ್ಕದಿಂದ ಕೆನ್ನೆಸಾಹೇಬನ ಕಣ್ಣು ಇವಳನ್ನು ಹಿಡಿಯಿತು. ಬೆರಳು ಕೆನ್ನೆಗೆ ಹೋಯಿತು. ಇವಳು ಬೇಡ ಎನ್ನುವಂತೆ ಸ್ವಲ್ಪವೇ ತಲೆಯಾಡಿಸಿದಳು. ಬೆರಳು ಇಳಿಯಲಿಲ್ಲ, ಇನ್ನೂ ಗಟ್ಟಿಯಾಗಿ ಒತ್ತಿತು. ಹಿಂದಿನ ದಿನವಷ್ಟೇ ಇನ್ನೊಂದು ಸಲ ಹೇಳಿಸಿಕೊಂಡರೆ ಗೋಡೌನಿಗೆ ಹಾಕುತ್ತೇನೆ ಎಂದಿದ್ದ. ಅವಳ ಮುಖ ಎಳೆದ ದಾರದ ಹಾಗೆ ಮೇಲೆದ್ದಿತು. ಮೇಲಿನ ಸಾಲಿನ ಹಲ್ಲು, ಒಸಡಿಲ್ಲದೆ.

ಆ ಮನುಷ್ಯ ತಲೆಯೆತ್ತಿದ್ದು ಸರಿಯಾಗಿ ಆಗಲೇ.

ಕೂಗಾಡಲಿಲ್ಲವಂತೆ. ಅಂಗಿಯನ್ನು ಮೇಜಿನ ಮೇಲಿಟ್ಟು, ಕೆಳಗಿಳಿದು ಯಜಮಾನರ ಹತ್ತಿರ ಹೋಗಿ, ನನ್ನ ಮಗು ಹೋಗಿಬಿಟ್ಟಿದೆ, ನಿಮ್ಮ ಹೆಂಗಸು ನನ್ನ ಮುಖ ನೋಡಿ ನಗ್ತಾಳೆ ಎಂದು ಹೇಳಿ ಹೊರಟುಹೋದನಂತೆ. ಬಿಲ್ಲಿಗೆ ನಿಂತವರೆಲ್ಲ ಕೇಳಿಸಿಕೊಂಡರು.

ಯಜಮಾನರು ಇಬ್ಬರನ್ನೂ ಕರೆಸಿದರು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು: ಸಾಹೇಬರು ಬೆರಳಿಟ್ಟರು, ನಾನು ಬೇಡ ಅಂತ ತಲೆಯಾಡಿಸಿದೆ, ಅವರು ಬಿಡಲಿಲ್ಲ, ನಕ್ಕೆ. ಕೆನ್ನೆಸಾಹೇಬ ಏನೆಂದ ಗೊತ್ತೇ?

"ನಾನು ಬಾಯಿಬಿಟ್ಟು ನಗು ಅಂತ ಹೇಳಿದ್ನೇನಮ್ಮಾ? ಯಾರಾದ್ರೂ ಕೇಳಿಸ್ಕೊಂಡಿದಾರಾ?"

ಯಾರು ಕೇಳಿಸಿಕೊಂಡಿರುತ್ತಾರೆ? ಅಷ್ಟು ದಿನ ಅಷ್ಟು ಜನರ ಮುಖವನ್ನು ದಾರ ಕಟ್ಟಿದ ಬೊಂಬೆಯ ಹಾಗೆ ಎಳೆದಾಡಿದ್ದು ಒಂದು ಮಾತೂ ಇಲ್ಲದೆ ತಾನೆ? ಆ ಸನ್ನೆಯ ಸೊಗಸು ಇದ್ದದ್ದೇ ಅಲ್ಲಿ. ಗಿರಾಕಿಗೆ ಕಾಣುವುದಿಲ್ಲ, ಎಲ್ಲೂ ಉಳಿಯುವುದಿಲ್ಲ, ಕೈ ಇಳಿಸಿದರೆ ಮುಗಿಯಿತು. ಶರ್ಟಿನ ವಿಭಾಗದವಳನ್ನು ಕೇಳಿದರು. ಅವಳು ದಿನಾ ಅಕ್ಕನ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವವಳು. ನಾನು ಆಗ ಬಟ್ಟೆ ಜೋಡಿಸ್ತಿದ್ದೆ ಸಾರ್, ನೋಡಲಿಲ್ಲ ಎಂದಳು. ಉಳಿದವರೂ ನೆಲ ನೋಡಿದರು.

ಅಕ್ಕನನ್ನು ಗೋಡೌನಿಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ರಟ್ಟಿನ ಪೆಟ್ಟಿಗೆ ಸೀಳುವುದು, ಎಣಿಸುವುದು, ಹೊಸ ಬಟ್ಟೆಯ ಗಂಜಿವಾಸನೆ. ಮಾತಾಡಲು ಜನರಿಲ್ಲ; ಅವಳಿಗೆ ಮಾತು ಬೇಕಾಗಿಯೂ ಇರಲಿಲ್ಲ, ಜನ ಬೇಕಾಗಿತ್ತು. ಒಂದು ವಾರದಲ್ಲಿ ಕೆಮ್ಮು ಶುರುವಾಯಿತು. ಮಹಡಿಗೆ ವಾಪಸು ಬರಬೇಕಾದರೆ ಯಜಮಾನರು ಒಂದು ದಾರಿ ಹೇಳಿದರು. ಆ ಮನುಷ್ಯ ಯಾರೆಂದು ಪತ್ತೆ ಮಾಡಿಸಿದ್ದೇನೆ, ಅಂಗಡಿಗೆ ಕರೆಸುತ್ತೇನೆ, ಎಲ್ಲರ ಎದುರು ಕ್ಷಮೆ ಕೇಳು. ಕೇಳುವಾಗ, ನಾನಾಗೇ ನಕ್ಕೆ, ಅಂಗಡಿಯವರದು ಏನೂ ಇಲ್ಲ ಎಂದು ಸೇರಿಸು. ಇಲ್ಲವಾದರೆ ಬೇರೆ ಕಡೆ ಕೆಲಸ ನೋಡಿಕೋ.

ಮನೆಯಲ್ಲಿ ಇದೇ ಮಾತಾಯಿತು. ಭಾವ, ಒಂದು ವಾಕ್ಯ ತಾನೆ, ಹೇಳಿ ಕೈತೊಳೆದುಕೋ ಎಂದರು. ನನ್ನವರೂ ಹೂಂ ಎಂದರು. ಒಂದು ನಗುವಿಗೆ ಇಷ್ಟು ದೊಡ್ಡ ರಾದ್ಧಾಂತವೇ ಎಂದು ಅವರು ಅಂದದ್ದಕ್ಕೆ ನಾನು ಎರಡು ದಿನ ಮಾತು ಬಿಟ್ಟೆ. ಅಕ್ಕ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದಳು. ಭಾವ ಎರಡನೆಯ ಸಲ ಅದನ್ನೇ ಹೇಳಿದಾಗ ನಲ್ಲಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕ್ಷಮೆ ಕೇಳ್ತೀನಿ. ಅದು ಕೇಳಲೇಬೇಕು, ಕರೆಸದೇ ಇದ್ರೂ ಹುಡುಕ್ಕೊಂಡು ಹೋಗಿ ಕೇಳಬೇಕು. ಆದ್ರೆ ನಾನಾಗೇ ನಕ್ಕೆ ಅಂತ ಹೇಳಲ್ಲ."

"ಹೇಳಿದ್ರೆ ಏನು ಸವೆಯುತ್ತೆ?"

"ಮಗು ಕಳಕೊಂಡವನ ಮುಖ ನೋಡಿ ತಾನಾಗೇ ನಗೋ ಹೆಂಗಸು ಭೂಮಿ ಮೇಲೆ ಒಬ್ಬಳಿದಾಳೆ ಅಂತ ಅವನು ಬದುಕಿರೋವರೆಗೂ ಅಂದ್ಕೋಬೇಕಾ? ಅದನ್ನ ನಾನೇ ಅವನಿಗೆ ಹೇಳಿ ಕಳಿಸಬೇಕಾ?"

ಅತ್ತೆ ನನ್ನ ಕಡೆ ತಿರುಗಿ, ನಾಳೆ ನೀನೂ ಜೊತೆಗೆ ಹೋಗು, ಇವಳು ಅಲ್ಲಿ ಹೋಗಿ ಕಂಬದ ಹಾಗೆ ನಿಂತುಬಿಡ್ತಾಳೆ ಎಂದರು.

ಮಗುವನ್ನು ಬಿಟ್ಟುಹೋಗಲು ನೋಡಿದೆ. ಹಾಲು ಕುಡಿಯುವ ಕೂಸು, ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಎತ್ತಿಕೊಂಡೇ ಹೋದೆ. ಆ ಮನುಷ್ಯನ ಕಣ್ಣಿಗೆ ನನ್ನ ಮಡಿಲು ಬೀಳಬಾರದು ಎಂದು ಮಹಡಿಯ ಮೂಲೆಯಲ್ಲಿ, ನೇತುಹಾಕಿದ ಫ್ರಾಕುಗಳ ಹಿಂದೆ, ಟ್ರಯಲ್ ರೂಮಿನ ಪರದೆಗೆ ಒರಗಿ ನಿಂತೆ. ಫ್ರಾಕುಗಳ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಇನ್ನೂ ಗಿರಾಕಿಗಳು ಬರುವ ಹೊತ್ತಲ್ಲ. ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು, ನೋಡಿ ಕಲಿತುಕೊಳ್ಳಲಿ ಎಂದು. ಯಜಮಾನರು ಒಂದು ಕುರ್ಚಿ ತರಿಸಿಕೊಂಡಿದ್ದರು. ನೋಡಿ, ಆ ಮಹಡಿಗೂ ಕುರ್ಚಿ ಬರುತ್ತದೆ, ಬೇಕಾದವರಿಗೆ ಬೇಕಾದಾಗ.

ಆ ಮನುಷ್ಯ ಬಂದ. ಈ ಸಲ ಗುಂಡಿಗಳು ಸರಿಯಾಗಿದ್ದವು. ಬೇರೆ ಯಾರೋ ಹಾಕಿ ಕಳಿಸಿದ ಹಾಗೆ, ಕುತ್ತಿಗೆಯವರೆಗೂ. ಅವನನ್ನು ಗಾಜಿನ ಮೇಜಿನ ಈಚೆ ನಿಲ್ಲಿಸಿದರು, ಅಕ್ಕನನ್ನು ಆಚೆ. ಕೆನ್ನೆಸಾಹೇಬ ಅವನ ಬೆನ್ನ ಹಿಂದೆ, ಕನ್ನಡಿಯ ಪಕ್ಕ ತನ್ನ ಮಾಮೂಲು ಜಾಗದಲ್ಲಿ ನಿಂತ. ಯಜಮಾನರು, ಹೇಳಮ್ಮ ಎಂದರು.

ಅಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಹೆದರಿಕೆಯಾದಾಗ ಅವಳ ಮುಖದ ಗಂಟು ಇನ್ನೂ ಬಿಗಿಯುತ್ತದೆ. ನೋಡುವವರಿಗೆ ಅದು ಸೊಕ್ಕು. ಆ ಮನುಷ್ಯ ಆ ಮುಖವನ್ನು ನೋಡುತ್ತಾ ಕಾಯುತ್ತಿದ್ದ. ಹೇಳಕ್ಕಾ, ಆ ಹಾಳು ವಾಕ್ಯ ಹೇಳಿಬಿಡು, ಮನೆಗೆ ಹೋಗೋಣ ಎಂದು ನನ್ನ ಮನಸ್ಸೂ ಒಂದು ಕ್ಷಣ ಅಂದಿತು.

ಆಗ ಕೆನ್ನೆಸಾಹೇಬನ ಬೆರಳು ಮೇಲೆದ್ದಿತು.

ಬೇಕೆಂದು ಎತ್ತಿದನೋ ಅಭ್ಯಾಸವೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಗಿರಾಕಿಯ ಎದುರಿಗೆ ಒಂದು ಬಾಡಿದ ಮುಖ. ಅವನ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ತೋರುಬೆರಳು ಕೆನ್ನೆಗೆ ಹೋಗಿ ಅಲ್ಲಿ ಒತ್ತಿ ನಿಂತಿತು. ಮಗು ಕಳೆದುಕೊಂಡವನ ಬೆನ್ನ ಹಿಂದೆ, ಮತ್ತೆ, ನಗು ಎಂದು.

ಅಕ್ಕ ಈ ಸಲ ನಗಲಿಲ್ಲ. ಆ ಮನುಷ್ಯನ ಮುಖದಿಂದ ಕಣ್ಣು ತೆಗೆದು, ಅವನ ಭುಜದ ಮೇಲಿಂದ ಆ ಬೆರಳನ್ನೇ ನೋಡುತ್ತಾ ನಿಂತಳು. ಕದಲಲಿಲ್ಲ. ಯಾರಾದರೂ ನಮ್ಮ ಹೆಗಲಾಚೆ ಅಷ್ಟು ಹೊತ್ತು ನೋಡಿದರೆ ತಿರುಗದೆ ಇರಲು ಆಗುತ್ತದೆಯೇ? ಅವನು ತಿರುಗುವುದಕ್ಕೂ ನನ್ನ ಕಂಕುಳಲ್ಲಿದ್ದ ಮಗಳು ಫ್ರಾಕುಗಳ ಸಂದಿಯಿಂದ ಆ ಬೆರಳನ್ನು ಕಂಡು ಕಿಲಕಿಲ ನಗುವುದಕ್ಕೂ ಸರಿಹೋಯಿತು.

ಆ ನಿಶ್ಶಬ್ದದಲ್ಲಿ ಒಂದು ಮಗುವಿನ ನಗು. ನಾನು ಅವಳ ಮುಖವನ್ನು ಎದೆಗೆ ಒತ್ತಿಕೊಂಡೆ. ತಡವಾಗಿತ್ತು. ಅವನು ಎರಡನ್ನೂ ನೋಡಿಯಾಗಿತ್ತು, ಮೊದಲು ಕೆನ್ನೆಯ ಮೇಲಿದ್ದ ಬೆರಳನ್ನು, ಆಮೇಲೆ ಬಟ್ಟೆಗಳ ನಡುವೆ ಎರಡು ಹಲ್ಲು ಬಿಟ್ಟುಕೊಂಡಿದ್ದ ನನ್ನ ಮಗಳನ್ನು.

ಯಜಮಾನರು ಎದ್ದು ನಿಂತರು. "ಏನಯ್ಯಾ ಅದು?"

ಬೆರಳು ಸರಕ್ಕನೆ ಇಳಿಯಿತು. "ಏನಿಲ್ಲ ಸಾರ್. ಕೆನ್ನೆ ಕೆರೀತಿತ್ತು."

ಕೆರೆಯುತ್ತಿತ್ತಂತೆ. ಫ್ರಾಕುಗಳನ್ನು ಸರಿಸಿಕೊಂಡು ಹೊರಗೆ ಬಂದೆ. ಎರಡು ಫ್ರಾಕು ಕೆಳಗೆ ಬಿದ್ದವು, ಬೀಳಲಿ ಎಂದು ಬಿಟ್ಟೆ. ಯಜಮಾನರ ಎದುರು ನಿಂತು ಮಾತಾಡುವ ಧೈರ್ಯ ನನಗೆ ಯಾವತ್ತೂ ಇದ್ದದ್ದಲ್ಲ. ಅವತ್ತು ಧೈರ್ಯದ ಅಗತ್ಯ ಬೀಳಲಿಲ್ಲ, ಸಿಟ್ಟು ಸಾಕಾಯಿತು.

"ಕೆರ್ಕೊಂಡ್ರೆ ನನ್ನ ಮಗಳು ನಗಲ್ಲ ಸಾರ್. ಕೆನ್ನೆಗೆ ಬೆರಳಿಟ್ರೆ ನಗಬೇಕು ಅಂತ ನಮ್ಮನೆ ಕೂಸಿಗೂ ಗೊತ್ತು. ನಿಮ್ಮ ಅಂಗಡಿಯಿಂದ ಮನೆಗೆ ಬಂದ ವಿದ್ಯೆ ಇದು. ಬೇಕಾದ್ರೆ ನೀವೇ ಇಟ್ಟು ನೋಡಿ."

ಯಜಮಾನರು ಇಡಲಿಲ್ಲ. ಸಾಲಿನಲ್ಲಿದ್ದವರ ಕಡೆ ನೋಡಿದರು. ಆಗ ಶರ್ಟಿನ ವಿಭಾಗದವಳು, ನೆಲ ನೋಡಿಕೊಂಡೇ, ಹೌದು ಸಾರ್, ನಮಗೆಲ್ಲ ಹಾಗೇ ಮಾಡ್ತಾರೆ, ಅವತ್ತೂ ಮಾಡಿದ್ರು ಎಂದಳು. ಅವತ್ತೇ ಹೇಳಿದ್ದರೆ ಅಕ್ಕನಿಗೆ ಗೋಡೌನಿನ ಕೆಮ್ಮು ಹತ್ತುತ್ತಿರಲಿಲ್ಲ. ಅವಳ ಮೇಲಿನ ಸಿಟ್ಟೂ ನನಗೆ ಇನ್ನೂ ಹೋಗಿಲ್ಲ.

ಆ ಮನುಷ್ಯನಿಗೆ ಈ ಯಾವುದೂ ಬೇಕಾದಂತೆ ಕಾಣಲಿಲ್ಲ. ಕೆನ್ನೆಸಾಹೇಬನ ಮುಖವನ್ನು ಅವನು ಎರಡನೆಯ ಸಲ ನೋಡಲೂ ಇಲ್ಲ. ಅಕ್ಕನ ಕಡೆ ತಿರುಗಿ, ನೀವು ಏನೋ ಹೇಳ್ತೀರಿ ಅಂತ ಕರೆಸಿದ್ರು, ಹೇಳಿ, ನಾನು ಹೋಗಬೇಕು ಎಂದ.

ಅಕ್ಕನಿಗೆ ಈಗ ಮಾತು ಬಂತು.

"ನೀವು ಆ ಬಟ್ಟೆನ ಅಂಗೈ ಮೇಲೆ ಮಲಗಿಸ್ಕೊಂಡಾಗಲೇ ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ನಕ್ಕೆ. ನಗು ಅಂತ ಸನ್ನೆ ಮಾಡಿದ್ದು ಅವರು, ನಕ್ಕಿದ್ದು ನನ್ನ ಮುಖ. ತಪ್ಪಾಯ್ತು ನಂದು."

ಅಷ್ಟೇ ಹೇಳಿದಳು. ಅಂಗಡಿಯವರದು ಏನೂ ಇಲ್ಲ ಎಂದು ಸೇರಿಸಲಿಲ್ಲ. ಕೈಮುಗಿಯಲಿಲ್ಲ, ಅಳಲಿಲ್ಲ, ಮುಖದ ಗಂಟು ಇದ್ದ ಹಾಗೇ ಇತ್ತು. ಅವನು ಆ ಮುಖವನ್ನು ಬಹಳ ಹೊತ್ತು ನೋಡಿದ. ಅವನು ಇವಳ ನಿಜವಾದ ಮುಖ ನೋಡಿದ್ದು ಅದೇ ಮೊದಲು ತಾನೆ.

"ಇಲ್ಲಿಂದ ಬೇರೆ ಅಂಗಡಿಗೆ ಹೋದೆ," ಎಂದ ಅವನು. "ಅಲ್ಲಿ ಕೂತಿದ್ದವನು ಫೋನಲ್ಲಿ ಯಾರ ಜೊತೆಗೋ ಜಗಳ ಆಡ್ತಿದ್ದ. ನನ್ನ ಮುಖಾನೇ ನೋಡ್ಲಿಲ್ಲ, ಬಟ್ಟೆ ಸುತ್ತಿ ಕೊಟ್ಟ. ಎಷ್ಟೋ ಹಗುರ ಅನ್ನಿಸ್ತು."

ಯಜಮಾನರು ಏನೋ ಉಡುಗೊರೆಯ ಪೊಟ್ಟಣ ತೆಗೆದಿಟ್ಟಿದ್ದರು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನು ಮೆಟ್ಟಿಲಿಳಿಯುತ್ತಿದ್ದ. ನನ್ನ ಪಕ್ಕದಲ್ಲೇ ಹಾದುಹೋದ. ನನ್ನ ಮಗಳು ಕತ್ತು ತಿರುಗಿಸಿ ಅವನನ್ನು ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ, ನೋಡದೇ ಇರಲು ಕುತ್ತಿಗೆಯನ್ನು ಎಷ್ಟು ಬಿಗಿಹಿಡಿದಿದ್ದ ಎಂಬುದು ನನಗೆ ಕಂಡಿತು. ಅವನ ಎದುರಿಗೆ ನನ್ನ ಕೂಸು ನಕ್ಕಿತಲ್ಲ, ಅದನ್ನು ನಾನು ಯಾವ ಮಾತಿನಿಂದ ಅಳಿಸಲಿ? ಗೆದ್ದ ಸಂತೋಷ ನನಗೆ ಒಂದಿಷ್ಟೂ ಆಗಲಿಲ್ಲ.

ಅಕ್ಕ ಮರುದಿನದಿಂದ ಮಹಡಿಗೆ ವಾಪಸು ಬಂದಳು. ಅವಳಿಗೆ ಯಾರೂ ಕ್ಷಮೆ ಕೇಳಲಿಲ್ಲ. ಆದದ್ದು ಆಯಿತು, ಎಲ್ಲರೂ ಮರೆತುಬಿಡಿ ಎಂದರು ಯಜಮಾನರು, ಮರೆಯುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುತ್ತದೆ ಎನ್ನುವಂತೆ. ಕೆನ್ನೆಸಾಹೇಬನಿಗೆ ಸಿಕ್ಕ ಶಿಕ್ಷೆ, ಕೈ ಜೇಬಲ್ಲಿಟ್ಟುಕೊಂಡು ಓಡಾಡಯ್ಯ ಎಂಬ ಒಂದು ಮಾತು. ಈಗ ಕೈ ಜೇಬಿನಲ್ಲಿಟ್ಟುಕೊಂಡು ಗಂಟಲು ಸರಿಮಾಡುತ್ತಾನಂತೆ. ಖೆಂ ಅಂದರೆ ನಗಬೇಕು. ಕನ್ನಡಿಯೂ ಅಲ್ಲೇ ಇದೆ. ಬದಲಾದದ್ದು ಇಷ್ಟೇ: ಅವನು ಎಷ್ಟು ಕೆಮ್ಮಿದರೂ ಅಕ್ಕ ಕಪಾಟಿನ ಕಡೆ ತಿರುಗಿ ಮಡಿಸಿದ್ದನ್ನು ಮಡಿಸುತ್ತಾಳೆ. ಔಷಧಿ ತಗೊಳ್ಳಿ ಸಾರ್, ನನಗೂ ಗೋಡೌನಲ್ಲಿ ಹಿಡಿದಿತ್ತು, ಬೇಗ ಹೋಗಲ್ಲ ಅದು ಎಂದಳಂತೆ ಒಂದು ಸಲ, ಅದೇ ಸಿಡುಕು ಮುಖದಲ್ಲಿ. ಹುಡುಗಿಯರು ನಗು ತಡೆಯಲಾರದೆ ಟ್ರಯಲ್ ರೂಮಿನೊಳಗೆ ಓಡಿದರಂತೆ.

ಇವತ್ತು ಬೆಳಿಗ್ಗೆ ಎದುರುಮನೆಯವರು ಬಂದಿದ್ದರು. ಅತ್ತೆ ಮರೆತು, ಹಳೆಯ ಅಭ್ಯಾಸದಲ್ಲಿ, ನೋಡಿ ನಮ್ಮ ಮೊಮ್ಮಗಳನ್ನ ಎನ್ನುತ್ತಾ ಕೆನ್ನೆಗೆ ಬೆರಳಿಟ್ಟರು. ಮಗಳಿಗೆ ಹಲ್ಲು ಬರುವ ನೋವು, ಎರಡು ದಿನದಿಂದ ರಗಳೆ. ಆದರೂ ಬೆರಳು ಕಂಡ ಕೂಡಲೇ ಅಳು ನಿಲ್ಲಿಸಿ, ಕಣ್ಣಲ್ಲಿ ನೀರು ಹಾಗೇ ಇರುವಾಗ ಬಾಯಿ ಅಗಲಿಸಿದಳು. ಕೆಳಗೆ ನಗು, ಮೇಲೆ ಕಣ್ಣೀರು.

"ಸಾಕು ಅತ್ತೆ, ಕೈ ಇಳಿಸಿ. ನೋವಾದ್ರೆ ಅಳಲಿ ಅದು. ನಗು ಬಂದಾಗ ತಾನೇ ನಗುತ್ತೆ."

ಎದುರುಮನೆಯವರ ಮುಂದೆ ಅತ್ತೆಗೆ ನಾನು ಹಾಗೆ ಹೇಳಿದ್ದು ಇದೇ ಮೊದಲು. ಅತ್ತೆ ಬೆರಳು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಎದುರುಮನೆಯವರು ಗೋಡೆಯ ಗಡಿಯಾರ ನೋಡಿದರು. ಮಗಳು ಒಂದು ಕ್ಷಣ ಎಲ್ಲರ ಮುಖ ನೋಡಿ, ಮತ್ತೆ ಜೋರಾಗಿ ಅಳಲು ಶುರುಮಾಡಿದಳು.

ಅಕ್ಕ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳು ಹಿಂದಕ್ಕೆ ಬಂದಳು. ಅತ್ತೆಯ ಪಕ್ಕ, ಎದುರುಮನೆಯವರ ಪಕ್ಕ ಹಾದು ಬಂದು, ಅಳುವ ಮಗುವನ್ನು ಹಿಡಿದುಕೊಂಡಿದ್ದ ನನ್ನ ಭುಜದ ಮೇಲೆ ಅಂಗೈ ಊರಿ, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಹೊರಟುಹೋದಳು.